ತೇಜಸ್ವಿ ಓದುವುದನ್ನು ಎಲ್ಲಿಂದ ಶುರು ಮಾಡಬೇಕು? ಯಾವುದು ನಿಜ, ಯಾವುದು ಕಥೆ?

ವರ್ಷದಲ್ಲಿ ಎರಡು ದಿನ, ಏಪ್ರಿಲ್ 5 ಮತ್ತು ಸೆಪ್ಟೆಂಬರ್ 8ರಂದು, ಕನ್ನಡಿಗರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಒಬ್ಬರದೇ ಫೋಟೊ ತುಂಬಿಕೊಳ್ಳುತ್ತದೆ. ಬಿಳಿ ಗಡ್ಡ, ಕನ್ನಡಕ, ಹಿಂದೆ ಕಾಡು. ಫೋಟೊದ ಕೆಳಗೆ ಬದುಕಿನ ಬಗ್ಗೆಯೋ ಪರಿಸರದ ಬಗ್ಗೆಯೋ ಒಂದು ಚೆಂದದ ಸಾಲು. ಅದು ಯಾವ ಪುಸ್ತಕದ್ದು, ಎಷ್ಟನೇ ಪುಟದ್ದು ಎಂದು ಮಾತ್ರ ಬರೆದಿರುವುದಿಲ್ಲ.

ಕೆ.ಪಿ. ಪೂರ್ಣಚಂದ್ರ ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಅವರು ಹೋದ ಮೇಲೆ ಸ್ಮಾರ್ಟ್‌ಫೋನ್ ಹಿಡಿದ ಒಂದು ಇಡೀ ತಲೆಮಾರು ಅವರನ್ನು ಮೊದಲು ನೋಡಿದ್ದು ಪುಸ್ತಕದಲ್ಲಲ್ಲ, ಫಾರ್ವರ್ಡ್‌ನಲ್ಲಿ. ಅದರಿಂದ ಕುತೂಹಲ ಹುಟ್ಟಿ ಪುಸ್ತಕದಂಗಡಿಗೆ ಹೋದವರಿಗೆ ಅಲ್ಲಿ ಇನ್ನೊಂದು ತೊಡಕು. ಮಿಲೇನಿಯಂ ಸರಣಿ ಒಂದರಲ್ಲೇ 16 ಪುಸ್ತಕಗಳಿವೆ. ಕಾಡಿನ ಕಥೆಗಳು 4 ಭಾಗ, ಹಾರುವ ತಟ್ಟೆಗಳ ಬಗ್ಗೆ 2 ಭಾಗ. ಇವಲ್ಲದೆ ಕಾದಂಬರಿ, ಸಣ್ಣಕಥೆ, ಪ್ರವಾಸ, ಹಕ್ಕಿ, ಮೀನು, ಚಿಟ್ಟೆ. ಯಾವುದನ್ನು ಮೊದಲು ಎತ್ತಿಕೊಳ್ಳುವುದು? ಇವುಗಳಲ್ಲಿ ವಿಜ್ಞಾನ ಯಾವುದು, ಕಲ್ಪನೆ ಯಾವುದು?

ಎರಡೂ ಪ್ರಶ್ನೆಗಳಿಗೆ ಅವರ ಬದುಕಿನಲ್ಲೇ ಉತ್ತರ ಇದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ಅವರ ಹೆಸರಿನ ಸಾಲುಗಳು ಈಗಾಗಲೇ ಬೇಕಾದಷ್ಟು ಓಡಾಡುತ್ತಿರುವುದರಿಂದ ಈ ಲೇಖನದಲ್ಲಿ ಅವರ ಒಂದು ಮಾತನ್ನೂ ಉದ್ಧರಿಸಿಲ್ಲ.

ವಿಜ್ಞಾನಿ ಅಲ್ಲ, ಕನ್ನಡ ಎಂ.ಎ.

ತೇಜಸ್ವಿ ಪ್ರಾಣಿಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದಿದ ವಿಜ್ಞಾನಿ ಎಂದು ತಿಳಿದವರು ತುಂಬ ಜನ. ಅದು ತಪ್ಪು. ಅವರು ಮೈಸೂರಿನಲ್ಲಿ ಓದಿದ್ದು ಕನ್ನಡ ಎಂ.ಎ.

1938ರ ಸೆಪ್ಟೆಂಬರ್ 8ರಂದು ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದ ಅವರು ಬೆಳೆದದ್ದು ಮೈಸೂರಿನಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ನಾಡಿನ ದೊಡ್ಡ ಕವಿಯ ಹಿರಿಮಗ, ಕೈಯಲ್ಲಿ ಕನ್ನಡದ ಪದವಿ. ಇನ್ನು ಕಾಲೇಜಿನಲ್ಲಿ ಮೇಷ್ಟ್ರಾಗುವುದು ಸಹಜ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಅವರು ಆ ದಾರಿ ಹಿಡಿಯಲಿಲ್ಲ. 1960ರ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಗೆ ಹೋಗಿ ಕಾಫಿ ತೋಟ ಮಾಡಿದರು. ಮೊದಲು ಚಿತ್ರಕೂಟ, ಆಮೇಲೆ ನಿರುತ್ತರ ಎಂಬ ತೋಟ.

1966ರಲ್ಲಿ ರಾಜೇಶ್ವರಿ ಅವರನ್ನು ಮದುವೆಯಾದರು. ವಾಲಗ, ವರದಕ್ಷಿಣೆ, ಆಡಂಬರ ಯಾವುದೂ ಇಲ್ಲದ ಸರಳ ಮದುವೆ ಅದು. ಕುವೆಂಪು ಮಂತ್ರ ಮಾಂಗಲ್ಯ ಪದ್ಧತಿಯನ್ನು ತಂದದ್ದು ಈ ಮದುವೆಯಲ್ಲೇ. ಇವತ್ತಿಗೂ ಹಲವರು ಅದೇ ರೀತಿ ಮದುವೆಯಾಗುತ್ತಾರೆ.

ತೋಟಕ್ಕೆ ಹೋದ ಮೇಲೆ ಅವರ ದಿನಚರಿಯೇ ಬದಲಾಯಿತು. ಕಾಫಿ ಗಿಡಕ್ಕೆ ಹುಳು ಬಿದ್ದರೆ ಅದು ಯಾವ ಹುಳು, ಎಲ್ಲಿ ಮೊಟ್ಟೆ ಇಡುತ್ತದೆ ಎಂದು ನೋಡಬೇಕು. ಕೂಲಿಯವರು ತಂದ ಜೇನುಗೂಡು, ಗದ್ದೆಯ ಕಪ್ಪೆ, ಹಳ್ಳದ ಮೀನು, ಮರದ ಹಕ್ಕಿ, ಹೀಗೆ ಒಂದರಿಂದ ಇನ್ನೊಂದಕ್ಕೆ ಕುತೂಹಲ ಹಬ್ಬಿತು. ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದರು, ಗಾಳ ಹಿಡಿದು ಹೊಳೆ ದಂಡೆಯಲ್ಲಿ ಕುಳಿತರು. ಚಿತ್ರ ಬರೆದರು, ಸಿತಾರ್ ನುಡಿಸಿದರು. ಗೊತ್ತಿಲ್ಲದ್ದನ್ನು ಪುಸ್ತಕ ತರಿಸಿ ಓದಿದರು, ಕಾಡಿನಲ್ಲಿ ಓಡಾಡುವವರನ್ನು ಕೇಳಿದರು. ಅವರ ವಿಜ್ಞಾನ ಹುಟ್ಟಿದ್ದು ಹೀಗೆ, ನೋಡಿ, ಕೇಳಿ, ಹೋಲಿಸಿ.

ಸಾಹಿತ್ಯದಲ್ಲೂ ಅವರು ಇದೇ ತಿರುವು ತೆಗೆದುಕೊಂಡರು. ಆರಂಭದಲ್ಲಿ ಅವರು ಬರೆದದ್ದು ಆ ಕಾಲದ ನವ್ಯ ಶೈಲಿಯಲ್ಲಿ. 1973ರಲ್ಲಿ ಅಬಚೂರಿನ ಪೋಸ್ಟಾಫೀಸು ಕಥಾಸಂಕಲನ ಬಂದಾಗ ಅದರ ಮುನ್ನುಡಿಯಲ್ಲೇ ಆ ದಾರಿ ಬಿಡುತ್ತಿರುವುದಾಗಿ ಘೋಷಿಸಿದರು. ಆಮೇಲಿನ ಅವರ ಬರಹದಲ್ಲಿ ಪೋಸ್ಟ್‌ಮ್ಯಾನ್, ಜವಾನ, ಬೇಟೆಗಾರ, ಹಾವು ಹಿಡಿಯುವವ, ಜೇನು ಕೀಳುವವ, ಎಲ್ಲರೂ ಬರತೊಡಗಿದರು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಜವಾನನ ಕಥೆ ತಬರನ ಕಥೆ ಗಿರೀಶ್ ಕಾಸರವಳ್ಳಿ ಅವರ ಕೈಯಲ್ಲಿ ಸಿನಿಮಾ ಆಗಿ, 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆಯಿತು.

ಕರ್ವಾಲೊದ ಹಾರುವ ಓತಿ ನಿಜವಾಗಿ ಇದೆಯೇ?

ಕನ್ನಡದಲ್ಲಿ ಅಂತರಿಕ್ಷ ನೌಕೆ, ಅನ್ಯಲೋಕದ ಜೀವಿಗಳ ವೈಜ್ಞಾನಿಕ ಕಥೆ ಬೇಕೆಂದರೆ ರಾಜಶೇಖರ ಭೂಸನೂರಮಠ ಅವರನ್ನು ಓದಬೇಕು. ಆದರೆ ವಿಜ್ಞಾನವನ್ನೇ ಬೆನ್ನೆಲುಬಾಗಿ ಇಟ್ಟುಕೊಂಡ ಕನ್ನಡ ಕಾದಂಬರಿ ಯಾವುದು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು 1980ರಲ್ಲಿ ಬಂದ ಕರ್ವಾಲೊ.

ಕಥೆ ಸರಳ. ಕರ್ವಾಲೊ ಎಂಬ ವಿಜ್ಞಾನಿ, ಓದು ಬರಹ ಅಷ್ಟಕ್ಕಷ್ಟೇ ಆದರೂ ಕಾಡಿನ ಪ್ರತಿ ಜೀವಿಯನ್ನೂ ಗಮನಿಸುವ ಮಂದಣ್ಣ, ಮತ್ತು ತೋಟದ ತಲೆನೋವಿನಲ್ಲಿ ಮುಳುಗಿರುವ ನಿರೂಪಕ. ಇವರೆಲ್ಲ ಒಂದು ತಂಡ ಕಟ್ಟಿಕೊಂಡು ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಕಾದಂಬರಿಯಲ್ಲಿ ಅದು ಜೀವವಿಕಾಸದ ಬಹಳ ಹಿಂದಿನ ಕಾಲದಿಂದ ಉಳಿದು ಬಂದ, ಕಣ್ಣಿಗೆ ಬೀಳುವುದೇ ಅಪರೂಪವಾದ ಜೀವಿ.

ಇದನ್ನು ಓದಿದವರು ಎರಡು ಬಗೆಯಾಗಿ ಎಡವುತ್ತಾರೆ. ಕೆಲವರಿಗೆ ಹಾರುವ ಓತಿ ಎಂಬುದೇ ಕಟ್ಟುಕಥೆ. ಇನ್ನು ಕೆಲವರಿಗೆ ಅದು ಡೈನೊಸಾರ್ ಕಾಲದ ಕೊನೆಯ ಕೊಂಡಿ. ಎರಡೂ ಸರಿಯಲ್ಲ.

ಹಾರುವ ಓತಿ ನಿಜವಾಗಿಯೂ ಇದೆ. ಅದರ ವೈಜ್ಞಾನಿಕ ಹೆಸರು ಡ್ರೇಕೊ ಡಸ್ಸುಮಿಯೆರಿ. ಫ್ರೆಂಚ್ ಪ್ರಾಣಿಶಾಸ್ತ್ರಜ್ಞರು 1837ರಲ್ಲೇ ಅದನ್ನು ದಾಖಲಿಸಿದ್ದಾರೆ. ಬಾಲವೂ ಸೇರಿ ಸುಮಾರು ಒಂದು ಗೇಣು ಉದ್ದ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಾತ್ರವಲ್ಲ, ಮಲೆನಾಡು ಮತ್ತು ಕರಾವಳಿ ಕಡೆಯ ಅಡಿಕೆ ತೋಟಗಳಲ್ಲೂ ಕಾಣಸಿಗುತ್ತದೆ. ಮುಖ್ಯ ಆಹಾರ ಇರುವೆ. ಗಂಡಿನ ಗಂಟಲಲ್ಲಿ ಹಳದಿ ಬಣ್ಣದ ಚರ್ಮದ ಪಟ್ಟಿ ಇರುತ್ತದೆ. ಹೆಣ್ಣು ಮೊಟ್ಟೆ ಇಡಲು ಮರದಿಂದ ನೆಲಕ್ಕೆ ಇಳಿಯುತ್ತದೆ.

ಅದು ಹಕ್ಕಿಯ ಹಾಗೆ ರೆಕ್ಕೆ ಬಡಿದು ಹಾರುವುದಿಲ್ಲ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಚರ್ಮ ಹೊದ್ದಿಕೊಂಡಿರುತ್ತದೆ. ಜಿಗಿದಾಗ ಪಕ್ಕೆಲುಬು ಕೊಡೆಯ ಕಡ್ಡಿಯ ಹಾಗೆ ಬಿಚ್ಚಿಕೊಂಡು, ಒಂದು ಮರದಿಂದ ಹತ್ತಾರು ಮೀಟರ್ ದೂರದ ಇನ್ನೊಂದು ಮರಕ್ಕೆ ತೇಲಿ ಹೋಗುತ್ತದೆ. ಹಕ್ಕಿಗಾಗಲಿ ಬಾವಲಿಗಾಗಲಿ ರೆಕ್ಕೆ ಆಗಿರುವುದು ಮುಂಗಾಲು. ಓತಿಗೆ ಆಗಿರುವುದು ಪಕ್ಕೆಲುಬು. ಹಾಗಾಗಿ ಅದು ಹಕ್ಕಿಗಳ ಪೂರ್ವಜ ಅಲ್ಲ. ತೇಲುವ ವಿದ್ಯೆಯನ್ನು ತನ್ನದೇ ದಾರಿಯಲ್ಲಿ ಪಡೆದ ಓತಿ, ಅಷ್ಟೆ. ಇದೇ ಜಾತಿಗೆ ಸೇರಿದ ಹತ್ತಾರು ಬಗೆಗಳು ಆಗ್ನೇಯ ಏಷ್ಯಾದಲ್ಲಿವೆ.

ಹಾಗಾದರೆ ತೇಜಸ್ವಿ ಸುಳ್ಳು ಬರೆದರೇ? ಇಲ್ಲ. ಅವರು ಬರೆದದ್ದು ಕಾದಂಬರಿ. ಜೀವಿ ನಿಜ, ಅದರ ಸುತ್ತಲಿನ ನಿಗೂಢ ಕಾದಂಬರಿಗೆ ಬೇಕಾದದ್ದು. ಈ ಗೆರೆ ತಿಳಿದಿದ್ದರೆ ಪುಸ್ತಕದ ರುಚಿ ಕಡಿಮೆಯಾಗುವುದಿಲ್ಲ. ಬೆಂಗಳೂರಿನಿಂದ ಸುಮಾರು 250 ಕಿ.ಮೀ. ದೂರದ ಮೂಡಿಗೆರೆಗೆ ವಾರಾಂತ್ಯದಲ್ಲಿ ಹೋದಾಗ ಅಡಿಕೆ ಮರದ ಕಾಂಡವನ್ನು ಎರಡನೇ ಸಲ ನೋಡುವ ಅಭ್ಯಾಸ ಬರುತ್ತದೆ.

ನಾಲ್ಕು ಬಗೆಯ ಪುಸ್ತಕ, ನಾಲ್ಕು ಬಗೆಯ ನಂಬಿಕೆ

ತೇಜಸ್ವಿ ಪುಸ್ತಕಗಳನ್ನೆಲ್ಲ ಒಂದೇ ಕಪಾಟಿನಲ್ಲಿ ಇಡುವುದೇ ಗೊಂದಲಕ್ಕೆ ಕಾರಣ. ಅವುಗಳಲ್ಲಿ ನಾಲ್ಕು ಬಗೆಗಳಿವೆ.

1. ಸ್ವಂತ ಕಣ್ಣಿನಿಂದ ನೋಡಿದ್ದು. ಪರಿಸರದ ಕತೆ, ಏರೋಪ್ಲೇನ್ ಚಿಟ್ಟೆ ಮತ್ತು ಇತರ ಕಥೆಗಳು, ಹಕ್ಕಿಗಳ ಪುಸ್ತಕಗಳು, ಅಂಡಮಾನ್ ಪ್ರವಾಸ. ಇಲ್ಲಿ ಹೇಳುವವರು ತೇಜಸ್ವಿಯೇ, ಸಾಕ್ಷಿಯೂ ಅವರೇ.

2. ಕಟ್ಟಿದ ಕಥೆ. ಕರ್ವಾಲೊ, ಚಿದಂಬರ ರಹಸ್ಯ, ಜುಗಾರಿ ಕ್ರಾಸ್, ಕಿರಗೂರಿನ ಗಯ್ಯಾಳಿಗಳು. ಇಲ್ಲೊಂದು ಎಚ್ಚರ ಬೇಕು. ಪರಿಸರದ ಕತೆಯಲ್ಲಿ ಬರುವ ಕಿವಿ ಎಂಬ ನಾಯಿ ಕರ್ವಾಲೊದಲ್ಲೂ ಬರುತ್ತದೆ. ಎರಡರಲ್ಲೂ ಕಥೆ ಹೇಳುವವರು ಮೂಡಿಗೆರೆ ಕಡೆಯ ಬೆಳೆಗಾರ. ಆದ್ದರಿಂದ ಕಾದಂಬರಿಯೂ ನಡೆದ ಘಟನೆ ಎಂದೇ ಅನ್ನಿಸಿಬಿಡುತ್ತದೆ.

3. ಬೇರೆಯವರ ಪುಸ್ತಕದ ಕನ್ನಡ ರೂಪ. ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳಿಂದ ಬಂದ ಕಾಡಿನ ಕಥೆಗಳು, ಪ್ರದೀಪ್ ಕೆಂಜಿಗೆ ಅವರೊಂದಿಗೆ ಕನ್ನಡಕ್ಕೆ ತಂದ ಪ್ಯಾಪಿಲಾನ್, ಹಾಗೂ ಮಹಾಪಲಾಯನ.

4. ಓದಿ ಒಟ್ಟುಗೂಡಿಸಿದ್ದು. ಮಿಸ್ಸಿಂಗ್ ಲಿಂಕ್, ಫ್ಲೈಯಿಂಗ್ ಸಾಸರ್ಸ್ ಮತ್ತು ಮಿಲೇನಿಯಂ ಸರಣಿಯ ಬಹುಪಾಲು.

ಮೊದಲನೆಯದನ್ನು ಸಾಕ್ಷಿಯ ಹೇಳಿಕೆಯಾಗಿ, ಎರಡನೆಯದನ್ನು ಕಥೆಯಾಗಿ ಓದಿ. ಮೂರನೆಯದರ ಸತ್ಯಾಸತ್ಯ ಮೂಲ ಲೇಖಕರ ಹೊಣೆ. ನಾಲ್ಕನೆಯದನ್ನು ಓದುವಾಗ ಅದು ಯಾವ ವರ್ಷದ ತಿಳಿವಳಿಕೆ ಎಂದು ನೆನಪಿಟ್ಟುಕೊಳ್ಳಿ.

ಮಹಾಪಲಾಯನ ಎಷ್ಟು ನಿಜ?

ಮಿಲೇನಿಯಂ ಸರಣಿಯಲ್ಲಿ ಓದುಗರು ಒಂದೇ ಉಸಿರಿನಲ್ಲಿ ಓದಿ ಮುಗಿಸುವ ಪುಸ್ತಕ ಮಹಾಪಲಾಯನ. ಸೈಬೀರಿಯಾದ ಸೆರೆ ಶಿಬಿರದಿಂದ ತಪ್ಪಿಸಿಕೊಂಡ ಕೈದಿಗಳು ಗೋಬಿ ಮರುಭೂಮಿ, ಹಿಮಾಲಯ ದಾಟಿ ಕಾಲ್ನಡಿಗೆಯಲ್ಲೇ ಭಾರತ ತಲುಪಿದ ಕಥೆ. ಮೂಲ ಪುಸ್ತಕ ಪೋಲೆಂಡಿನ ಸ್ಲಾವೊಮಿರ್ ರಾವಿಚ್ ಅವರದು. 1956ರಲ್ಲಿ ನಿಜ ಅನುಭವ ಎಂದೇ ಪ್ರಕಟವಾಯಿತು, ಜಗತ್ತಿನಾದ್ಯಂತ ಓದಲ್ಪಟ್ಟಿತು.

ಅನುಮಾನಗಳು ಮೊದಲಿನಿಂದಲೂ ಇದ್ದವು. ಹಿಮಾಲಯದಲ್ಲಿ ಹಿಮಮಾನವರನ್ನು ಕಂಡೆವು ಎಂಬ ಪ್ರಸಂಗವೂ ಆ ಪುಸ್ತಕದಲ್ಲಿದೆ. 2006ರಲ್ಲಿ ಬಿಬಿಸಿ ಬೆಳಕಿಗೆ ತಂದ ಸೋವಿಯತ್ ದಾಖಲೆಗಳು ಬೇರೆಯೇ ಕಥೆ ಹೇಳಿದವು. ಅವುಗಳಲ್ಲಿ ರಾವಿಚ್ ಸ್ವತಃ ಬರೆದ ಹೇಳಿಕೆಯೂ ಇತ್ತು. ಅವುಗಳ ಪ್ರಕಾರ ಅವರು ತಪ್ಪಿಸಿಕೊಂಡು ನಡೆದು ಬರಲಿಲ್ಲ. ಪೋಲೆಂಡಿನ ಕೈದಿಗಳಿಗೆ ಸಿಕ್ಕ ಸಾಮೂಹಿಕ ಕ್ಷಮಾದಾನದಲ್ಲಿ ಬಿಡುಗಡೆಯಾಗಿ 1942ರಲ್ಲಿ ಇರಾನಿನ ನಿರಾಶ್ರಿತರ ಶಿಬಿರ ಸೇರಿದರು. ಈ ದಾಖಲೆ ಹೊರಬರುವ ವರ್ಷಗಳ ಮೊದಲೇ ತೇಜಸ್ವಿ ಪುಸ್ತಕವನ್ನು ಕನ್ನಡಕ್ಕೆ ತಂದಾಗಿತ್ತು.

ಪ್ಯಾಪಿಲಾನ್ ವಿಷಯದಲ್ಲೂ ಹೀಗೆಯೇ. ಆನ್ರಿ ಶಾರಿಯೆರ್ 1969ರಲ್ಲಿ ಆತ್ಮಕಥೆ ಎಂದು ಪ್ರಕಟಿಸಿದ ಆ ಪುಸ್ತಕದಲ್ಲಿ ಬೇರೆ ಕೈದಿಗಳ ಅನುಭವಗಳೂ ಸೇರಿಕೊಂಡಿವೆ ಎಂಬ ವಾದ ಬಲವಾಗಿದೆ.

ಇನ್ನು ವಿಜ್ಞಾನದ ಪುಟಗಳು. ಮಿಲೇನಿಯಂ ಸರಣಿ ಬಂದದ್ದು 2000ದ ಆಸುಪಾಸಿನಲ್ಲಿ. ಆ ಕಾಲದ ಯಾವ ವಿಜ್ಞಾನ ಪುಸ್ತಕ ತೆರೆದರೂ ಪ್ಲೂಟೊ ಒಂಬತ್ತನೇ ಗ್ರಹ. ಅದನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿದ್ದು 2006ರಲ್ಲಿ. ಮಾನವ ವಿಕಾಸದ ಚಿತ್ರವೂ ಬೆಳೆದಿದೆ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 2003ರಲ್ಲಿ, ದಕ್ಷಿಣ ಆಫ್ರಿಕಾದ ಗುಹೆಯೊಂದರಲ್ಲಿ 2013ರಲ್ಲಿ, ಅದುವರೆಗೆ ಗೊತ್ತಿರದ ಮಾನವ ಬಂಧುಗಳ ಮೂಳೆಗಳು ಸಿಕ್ಕವು. ಹಳೆಯ ಪುಸ್ತಕದಲ್ಲಿ ಇವು ಇಲ್ಲದಿರುವುದು ತಪ್ಪಲ್ಲ. ಹಳೆಯ ಪುಟದ ಫೋಟೊ ತೆಗೆದು ಇವತ್ತಿನ ಸುದ್ದಿ ಎಂಬಂತೆ ಹಂಚುವುದು ತಪ್ಪು.

ಪೀಣ್ಯದವರಿಗೆ, ವೈಟ್‌ಫೀಲ್ಡ್‌ನವರಿಗೆ ಹತ್ತಿರದ ಪುಸ್ತಕ

ಮಲೆನಾಡು ನೋಡಿಯೇ ಇಲ್ಲ, ತೇಜಸ್ವಿ ಅರ್ಥವಾಗುತ್ತಾರೆಯೇ ಎಂದು ಕೇಳುವವರು ಕಾಡಿನ ಕಥೆಗಳ ಒಂದು ಭಾಗದ ಹೆಸರು ಗಮನಿಸಿ: ಜಾಲಹಳ್ಳಿಯ ಕುರ್ಕ. ಕುರ್ಕ ಎಂದರೆ ಮಲೆನಾಡಿನ ಕಡೆ ಚಿರತೆ. ಜಾಲಹಳ್ಳಿ ಎಂದರೆ ಪೀಣ್ಯದ ಪಕ್ಕದ, ಈಗ ಮೆಟ್ರೊ ನಿಲ್ದಾಣವಿರುವ ಅದೇ ಜಾಲಹಳ್ಳಿ. ಮೂಲ ಲೇಖಕ ಕೆನೆತ್ ಆಂಡರ್ಸನ್ (1910–1974) ಬೆಂಗಳೂರಿನವರು, ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು.

ಇದು ಬರೀ ಹಳೆಯ ಕಾಲದ ಮಾತಲ್ಲ. 2016ರ ಫೆಬ್ರವರಿಯಲ್ಲಿ ವೈಟ್‌ಫೀಲ್ಡ್ ಬಳಿಯ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿತ್ತು. ಆಮೇಲೆ ಮತ್ತೆ ಚಿರತೆ ಕಂಡಿತೆಂಬ ಸುದ್ದಿ ಹಬ್ಬಿ ಸುತ್ತಮುತ್ತಲ ಶಾಲೆಗಳಿಗೆ ರಜೆ ಕೊಟ್ಟರು. 2023ರ ನವೆಂಬರ್ ಮೊದಲ ದಿನ, ಎಲೆಕ್ಟ್ರಾನಿಕ್ ಸಿಟಿ ದಾರಿಯ ಕೂಡ್ಲು ಬಳಿ ಸೆರೆ ಹಿಡಿಯುವ ಕಾರ್ಯಾಚರಣೆಯಲ್ಲಿ ಚಿರತೆಯೊಂದು ಸತ್ತಿತು. ಇಂಥ ದಿನಗಳಲ್ಲಿ ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಎಲ್ಲೋ ತೆಗೆದ ವಿಡಿಯೊಗಳು ನಮ್ಮ ಬೀದಿಯದೇ ಎಂಬಂತೆ ಓಡಾಡುತ್ತವೆ. ನಾವು ಮನೆ ಕಟ್ಟಿಕೊಂಡಿರುವ ಜಾಗ ಮೊದಲು ಏನಾಗಿತ್ತು ಎಂದು ತಿಳಿದಿದ್ದರೆ ಗಾಬರಿಯೂ ಕಡಿಮೆ, ಫಾರ್ವರ್ಡೂ ಕಡಿಮೆ.

ಐಟಿಯಲ್ಲಿ ಇರುವವರಿಗೆ ಇನ್ನೊಂದು ನಂಟೂ ಇದೆ. ಕಂಪ್ಯೂಟರಿನಲ್ಲಿ ಕನ್ನಡ ಸರಾಗವಾಗಿ ಬಳಕೆಯಾಗದಿದ್ದರೆ ಭಾಷೆಗೆ ಉಳಿಗಾಲವಿಲ್ಲ ಎಂಬ ಆತಂಕ ತೇಜಸ್ವಿಯವರಿಗೆ ಬಹಳ ಮೊದಲೇ ಇತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರು ಕನ್ನಡದ ಅಕ್ಷರಗಳ ತಾಂತ್ರಿಕ ತೊಡಕುಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಕಾಲ ಅದು.

ಓದುವ ಕ್ರಮ ಹೀಗಿರಲಿ

ಮೊದಲು ಪರಿಸರದ ಕತೆ. ಬಿಡಿ ಬಿಡಿ ಪ್ರಸಂಗಗಳು, ಕಂಪನಿ ಬಸ್ಸಿನಲ್ಲಿ ಕುಳಿತು ಒಂದೊಂದಾಗಿ ಓದಬಹುದು. ಅವರು ಹೇಗೆ ನೋಡುತ್ತಿದ್ದರು ಎಂದು ಇದರಲ್ಲಿ ತಿಳಿಯುತ್ತದೆ.

ಎರಡನೆಯದು ಕರ್ವಾಲೊ. ನಿಜವಾದ ನೋಟ ಕಾದಂಬರಿಯಾಗಿ ಹೇಗೆ ಮಾರ್ಪಡುತ್ತದೆ ಎಂದು ಈಗ ಗೊತ್ತಾಗುತ್ತದೆ. ಕ್ರಮ ತಿರುವು ಮಾಡಿದರೆ ಈ ವ್ಯತ್ಯಾಸ ಕೈತಪ್ಪುತ್ತದೆ.

ಮೂರನೆಯದು ಕಾಡಿನ ಕಥೆಗಳು. ನಾಲ್ಕು ಭಾಗಗಳಲ್ಲಿ ಯಾವುದರಿಂದ ಬೇಕಾದರೂ ಶುರು ಮಾಡಬಹುದು.

ನಾಲ್ಕನೆಯದು ಮಿಲೇನಿಯಂ. 16 ಪುಸ್ತಕಗಳನ್ನು ಸಾಲಾಗಿ ಓದಬೇಕಾಗಿಲ್ಲ, ಒಂದರ ಕಥೆ ಇನ್ನೊಂದಕ್ಕೆ ಮುಂದುವರಿಯುವುದಿಲ್ಲ. ಪ್ರಾಣಿ ಪಕ್ಷಿ ಇಷ್ಟವಾದರೆ ನೆರೆಹೊರೆಯ ಗೆಳೆಯರು, ಆಕಾಶ ಇಷ್ಟವಾದರೆ ವಿಸ್ಮಯ ವಿಶ್ವ, ಇತಿಹಾಸ ಬೇಕಾದರೆ ಮೂರು ಭಾಗದ ಮಹಾಯುದ್ಧ. ಮಹಾಪಲಾಯನವನ್ನು ಸಾಹಸ ಕಥೆಯಾಗಿ ಓದಿ, ಇತಿಹಾಸವಾಗಿ ಅಲ್ಲ.

ಕೊನೆಗೆ ಚಿದಂಬರ ರಹಸ್ಯ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಏಲಕ್ಕಿ ಬೆಳೆ ಯಾಕೆ ಕುಸಿಯಿತು, ಅದರ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಹೇಗೆ ಸತ್ತ ಎಂಬ ಹುಡುಕಾಟದಿಂದ ಕಥೆ ಶುರುವಾಗುತ್ತದೆ. ಆದರೆ ಕೆಸರೂರಿನ ಜನ ಕಾರಣ ಹುಡುಕುವುದಿಲ್ಲ. ಒಬ್ಬರ ಮೇಲೊಬ್ಬರು ಅನುಮಾನ ಪಡುತ್ತಾರೆ, ಮೂಢನಂಬಿಕೆ, ಜಾತಿ, ಧರ್ಮದ ಹೆಸರಿನಲ್ಲಿ ಗುಸುಗುಸು ಬೆಳೆಯುತ್ತದೆ, ಅಷ್ಟರಲ್ಲಿ ಊರಿಗೇ ಬೆಂಕಿ ಹತ್ತಿಕೊಳ್ಳುತ್ತದೆ. ಮೊಬೈಲ್ ಫೋನೇ ಇಲ್ಲದ ಕಾಲದಲ್ಲಿ ಬರೆದ ಪುಸ್ತಕ ಇದು. ಯಾರೂ ಪರಿಶೀಲಿಸದ ಮಾತು ಬಾಯಿಂದ ಬಾಯಿಗೆ ಹೋಗಿ ಊರನ್ನು ಏನು ಮಾಡುತ್ತದೆ ಎಂಬುದು ಇದರಷ್ಟು ಸ್ಪಷ್ಟವಾಗಿ ಕನ್ನಡದಲ್ಲಿ ಬೇರೆಡೆ ಸಿಗುವುದು ಕಷ್ಟ.

2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ತೋಟದ ಮನೆಯಲ್ಲೇ, ಹೃದಯಾಘಾತದಿಂದ ತೇಜಸ್ವಿ ತೀರಿಕೊಂಡರು. ಆಗ ಅವರಿಗೆ 68 ವರ್ಷ.

ಕೊನೆಯದಾಗಿ ಎರಡು ಮಾತು

ತೇಜಸ್ವಿ ಪುಸ್ತಕಗಳ ಪಿಡಿಎಫ್ ಎಂದು ಗುಂಪುಗಳಲ್ಲಿ ಬರುವ ಕಡತಗಳನ್ನು ಹಂಚಬೇಡಿ. ಭಾರತದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಂದರೆ ಇವರ ಪುಸ್ತಕಗಳಿಗೆ 2067ರ ಕೊನೆಯವರೆಗೆ. ಪುಸ್ತಕಗಳು ಅಂಗಡಿಯಲ್ಲೂ ಗ್ರಂಥಾಲಯದಲ್ಲೂ ಸಿಗುತ್ತವೆ, ಬೆಲೆಯೂ ಹೆಚ್ಚಿಲ್ಲ.

ಇನ್ನು ಅವರ ಫೋಟೊ ಹಾಕಿದ ಸಾಲು ಬಂದಾಗ, ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಇದು ಯಾವ ಪುಸ್ತಕದಲ್ಲಿದೆ? ಅಣ್ಣ, ಅಕ್ಕ, ಸರ್, ಮೇಡಂ, ಯಾರನ್ನು ಕೇಳಿದರೂ ಇದು ಅಗೌರವ ಅಲ್ಲ. ಹೆಸರು ಬಂದರೆ ತೆರೆದು ನೋಡಿ. ಬರದಿದ್ದರೆ ಆ ಸಾಲನ್ನು ಮುಂದಕ್ಕೆ ಕಳಿಸುವ ಬದಲು, ಪರಿಸರದ ಕತೆಯ ಒಂದು ಪ್ರಸಂಗವನ್ನು ಮನೆಯ ಮಕ್ಕಳಿಗೆ ಓದಿ ಹೇಳಿ.